ಐದು ಬಾರಿ ಮುಳುಗಿದ ಅಡ್ಮಿರಲ್

ಆಟದಲ್ಲಿ ಗೆಲ್ಲುವುದಕ್ಕಿಂತ ಮೊದಲು ಸೋಲುವುದನ್ನು ಕಲಿಯಬೇಕೆಂದು ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುವುದುಂಟು. ಅದೇ ಬುದ್ಧಿಮಾತನ್ನು ಅವರು ತಮಗೆ ತಾವೇ ಹೇಳಿಕೊಳ್ಳುವುದು ಅಪರೂಪ. ವಯಸ್ಸೂ ಪದವಿಯೂ ಏರಿದಂತೆಲ್ಲ ಒಬ್ಬ ಮನುಷ್ಯನನ್ನು ಎದುರಿಗೆ ಕುಳಿತು ಸೋಲಿಸುವ ಎದೆಗಾರಿಕೆಯುಳ್ಳವರು ಕಡಿಮೆಯಾಗುತ್ತ ಹೋಗುತ್ತಾರೆ. ಕಚೇರಿಯ ವಾರ್ಷಿಕೋತ್ಸವದ ಕೇರಂ ಪಂದ್ಯದಲ್ಲಿ ಮೇಲಧಿಕಾರಿಯ ಎದುರು ಇದ್ದಕ್ಕಿದ್ದಂತೆ ಗುರಿ ತಪ್ಪುವ ಗುಮಾಸ್ತನನ್ನೂ, ಮಾವನವರೊಡನೆ ಚದುರಂಗಕ್ಕೆ ಕುಳಿತು ಬೇಕೆಂದೇ ಮಂತ್ರಿಯನ್ನು ಬಿಟ್ಟುಕೊಡುವ ಅಳಿಯನನ್ನೂ ನಾವೆಲ್ಲ ಕಂಡಿದ್ದೇವೆ. ಇದನ್ನು ವಿನಯವೆಂದು ಕರೆದು ಮೆಚ್ಚುತ್ತೇವೆ. ಸಂಜೆಯ ಹೊತ್ತು ಕಳೆಯಲು ಆಡುವ ಆಟದಲ್ಲಿ ಇಂಥ ವಿನಯದಿಂದ ಯಾರಿಗೂ ಕೇಡಾಗದು. ಆದರೆ ಹಲಗೆಯ ಮೇಲಿನ ಕಾಯಿಗಳು ನಿಜವಾದ ಹಡಗುಗಳ, ನಿಜವಾದ ಮನುಷ್ಯರ ಬದಲಾಗಿ ನಿಂತಿರುವಾಗ? ಆಗ ಗೆಲ್ಲಲು ಬಂದ ಹಿರಿಯನ ಕರ್ತವ್ಯವೇನು, ಅವನ ಎದುರು ಕುಳಿತ ಕಿರಿಯನ ಕರ್ತವ್ಯವೇನು? ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ನಡೆದ ಒಂದು ಆಟ ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆ.

ಯುದ್ಧವನ್ನು ಮೇಜಿನ ಮೇಲೆ ಆಡಿ ನೋಡುವ ಪದ್ಧತಿ ಹಳೆಯದು. ನಮ್ಮ ಚದುರಂಗದ ಹೆಸರಿನಲ್ಲಿಯೇ ಸೇನೆಯ ನಾಲ್ಕು ಅಂಗಗಳಿವೆ. 1824ರಲ್ಲಿ ಪ್ರಷ್ಯಾದ ರೈಸ್‌ವಿಟ್ಜ್ ಎಂಬ ತರುಣ ಅಧಿಕಾರಿ ಇದಕ್ಕೆ ಹೊಸ ರೂಪ ಕೊಟ್ಟು, ನಕಾಶೆ, ದಾಳ ಮತ್ತು ಇಬ್ಬರ ನಡುವೆ ಕುಳಿತ ತೀರ್ಪುಗಾರನನ್ನು ತಂದಾಗ, ಮೊದಲಿಗೆ ಉದಾಸೀನದಿಂದ ನೋಡಲು ಬಂದ ಸೇನಾ ಮುಖ್ಯಸ್ಥ ಮಫ್ಲಿಂಗ್ ಕೊನೆಗೆ ಅದನ್ನು ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದರು. ಅಲ್ಲಿಂದ ಮುಂದೆ ಯೂರೋಪಿನ ಸೈನ್ಯಗಳಲ್ಲಿ ಇಂಥ ಸಮರಕ್ರೀಡೆ ಸಾಮಾನ್ಯವಾಯಿತು. ಈ ಆಟದ ಪ್ರಾಣ ಇರುವುದು ಒಂದೇ ನಿಯಮದಲ್ಲಿ. ಎದುರಾಳಿ ಸ್ವತಂತ್ರನಾಗಿರಬೇಕು. ಅವನು ನಮ್ಮ ಯೋಜನೆಗೆ ಅನುಕೂಲವಾಗುವಂತೆ ನಡೆಯುವ ಬೊಂಬೆಯಾದರೆ ನಮ್ಮ ಎದುರು ಕುಳಿತಿರುವವನು ಮನುಷ್ಯನಲ್ಲ, ಕನ್ನಡಿ.

1942ರ ಆರಂಭದಲ್ಲಿ ಬ್ರಿಟನ್ನಿನ ಸ್ಥಿತಿ ಶೋಚನೀಯವಾಗಿತ್ತು. ದ್ವೀಪರಾಷ್ಟ್ರವಾದ ಅದಕ್ಕೆ ಗೋಧಿ, ಎಣ್ಣೆ, ಉಕ್ಕು ಎಲ್ಲವೂ ಅಟ್ಲಾಂಟಿಕ್ ಸಾಗರದ ಮೂಲಕ ಬರಬೇಕಿತ್ತು. ವ್ಯಾಪಾರಿ ಹಡಗುಗಳು ಸಾಲುಸಾಲಾಗಿ ಒಂದು ತಂಡವಾಗಿ ಸಾಗುತ್ತಿದ್ದವು. ಅವುಗಳ ಸುತ್ತ ಬೆರಳೆಣಿಕೆಯ ಬೆಂಗಾವಲು ಹಡಗುಗಳು. ಕತ್ತಲಾದೊಡನೆ ಜರ್ಮನಿಯ ಜಲಾಂತರ್ಗಾಮಿಗಳು ತೋಳಗಳ ಹಿಂಡಿನಂತೆ ಎರಗುತ್ತಿದ್ದವು. ಆ ಒಂದೇ ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಹಡಗುಗಳು ಅವುಗಳಿಗೆ ಬಲಿಯಾದವು. ನಮ್ಮ ಹಳ್ಳಿಗಳ ಜಗಲಿಗಳ ಮೇಲೆ, ಹಳೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಆಡು-ಹುಲಿ ಆಟದ ಗೆರೆಗಳನ್ನು ಇಂದಿಗೂ ಕಾಣಬಹುದು. ಅದರಲ್ಲಿ ಹುಲಿಗಳು ಕೆಲವೇ, ಆಡುಗಳು ಅನೇಕ. ಹುಲಿ ಹಾರಿ ಕೊಲ್ಲುತ್ತದೆ. ಆಡಿಗೆ ಕೊಲ್ಲುವ ಶಕ್ತಿಯಿಲ್ಲ, ಒಟ್ಟಾಗಿ ನಿಂತು ಹುಲಿಯ ದಾರಿ ಕಟ್ಟುವುದೊಂದೇ ಉಪಾಯ. ಅಟ್ಲಾಂಟಿಕ್ ಕದನವೂ ಹೀಗೆಯೇ ಇತ್ತು. ಒಂದು ವ್ಯತ್ಯಾಸವೆಂದರೆ ಇಲ್ಲಿ ಹುಲಿ ಎಲ್ಲಿದೆಯೆಂದು ಆಡುಗಳಿಗೆ ಕಾಣುತ್ತಿರಲಿಲ್ಲ.

ಆ ವರ್ಷದ ಜನವರಿಯಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಯನ್ನು ಲಿವರ್‌ಪೂಲಿಗೆ ಕಳುಹಿಸಲಾಯಿತು. ಕ್ಷಯರೋಗದ ಕಾರಣ 1938ರಲ್ಲಿ ನೌಕಾಪಡೆ ಅವರನ್ನು ಸೇವೆಯಿಂದ ಬಿಡುಗಡೆ ಮಾಡಿತ್ತು. ಸಮುದ್ರಕ್ಕೆ ಮರಳಲಾರದ ಆ ಮನುಷ್ಯನಿಗೆ ಡರ್ಬಿ ಹೌಸ್ ಎಂಬ ಕಟ್ಟಡದ ಮೇಲಂತಸ್ತಿನಲ್ಲಿ ಒಂದಷ್ಟು ಕೋಣೆಗಳನ್ನೂ, ಸಹಾಯಕ್ಕೆ ಮಹಿಳಾ ನೌಕಾಸೇವೆಯ ಕೆಲವು ತರುಣಿಯರನ್ನೂ ಕೊಟ್ಟರು. ಆ ಸೇವೆಯ ಹೆಣ್ಣುಮಕ್ಕಳನ್ನು ಜನ 'ರೆನ್' ಎಂಬ ಪುಟ್ಟ ಹಕ್ಕಿಯ ಹೆಸರಿನಿಂದ ಕರೆಯುತ್ತಿದ್ದರು. ಅವರಲ್ಲಿ ಜೀನ್ ಲೇಡ್‌ಲಾ ಲೆಕ್ಕಪರಿಶೋಧನೆ ಬಲ್ಲವರು. ಜಾನೆಟ್ ಓಕೆಲ್ ಇಪ್ಪತ್ತರ ಆಸುಪಾಸಿನವರು. ಇಬ್ಬರೂ ಯುದ್ಧನೌಕೆಯನ್ನು ನಡೆಸಿದವರಲ್ಲ.

ಆಟದ ಅಂಗಳವೆಂದರೆ ಕೋಣೆಯ ನೆಲ. ಲಿನೋಲಿಯಂ ಹಾಸಿದ ಆ ನೆಲದ ಮೇಲೆ ಹತ್ತು ಅಂಗುಲಕ್ಕೊಂದರಂತೆ ಗೆರೆಗಳು. ಹತ್ತು ಅಂಗುಲವೆಂದರೆ ಒಂದು ನಾವಿಕ ಮೈಲಿ. ಸುತ್ತಲೂ ಕ್ಯಾನ್ವಾಸ್ ಪರದೆಗಳು. ಬೆಂಗಾವಲು ಹಡಗುಗಳ ಅಧಿಕಾರಿಗಳು ಪರದೆಯ ಹಿಂದೆ ನಿಂತು ಸಣ್ಣ ಕಂಡಿಯ ಮೂಲಕ ನೆಲದ ಒಂದು ಭಾಗವನ್ನು ಮಾತ್ರ ನೋಡಬಹುದಿತ್ತು, ಇರುಳಿನಲ್ಲಿ ಹಡಗಿನ ಮೇಲಿನಿಂದ ಎಷ್ಟು ಕಾಣುವುದೋ ಅಷ್ಟೇ. ರೆನ್‌ಗಳು ನೆಲದ ಮೇಲೆ ಮಂಡಿಯೂರಿ ಹಡಗುಗಳ ಹಾದಿಯನ್ನು ಬಿಳಿ ಸೀಮೆಸುಣ್ಣದಿಂದಲೂ ಜಲಾಂತರ್ಗಾಮಿಯ ಹಾದಿಯನ್ನು ಹಸಿರು ಸೀಮೆಸುಣ್ಣದಿಂದಲೂ ಎಳೆಯುತ್ತಿದ್ದರು. ಹಸಿರು ಗೆರೆ ಕಂಡಿಯಲ್ಲಿ ನಿಂತವರ ಕಣ್ಣಿಗೆ ಬೀಳುತ್ತಿರಲಿಲ್ಲ. ಪ್ರತಿ ಸುತ್ತಿಗೂ ಎರಡು ನಿಮಿಷದ ಗಡುವು. ಅಪ್ಪಣೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಅಟ್ಲಾಂಟಿಕ್‌ನ ಕತ್ತಲು, ಆತಂಕ, ಅರೆಬರೆ ಸುದ್ದಿ ಇವೆಲ್ಲವೂ ಒಂದು ಕೋಣೆಯೊಳಗೆ ಸೀಮೆಸುಣ್ಣದ ಪುಡಿಯಲ್ಲಿ ಮರುಹುಟ್ಟು ಪಡೆದಿದ್ದವು.

ಈ ಕೋಣೆಯಲ್ಲಿ ಮೊದಲು ಬಯಲಾದ ಸಂಗತಿ ಅನುಭವಸ್ಥರಿಗೆ ರುಚಿಸುವಂಥದ್ದಾಗಿರಲಿಲ್ಲ. ಆಗ ಬ್ರಿಟಿಷ್ ನೌಕಾಪಡೆಯ ಅತ್ಯಂತ ಯಶಸ್ವಿ ಬೆಂಗಾವಲು ನಾಯಕರಾಗಿದ್ದವರು ಕ್ಯಾಪ್ಟನ್ ವಾಕರ್. ಹಡಗೊಂದಕ್ಕೆ ಟಾರ್ಪೆಡೊ ಬಡಿದ ಕೂಡಲೇ ಬೆಂಗಾವಲಿನವರು ತಂಡದಿಂದ ಹೊರಮುಖವಾಗಿ ಧಾವಿಸಿ ಶತ್ರುವನ್ನು ಹುಡುಕಬೇಕೆಂಬುದು ಅವರು ರೂಪಿಸಿದ ತಂತ್ರ. ವೈರಿ ಹೊರಗಿನಿಂದಲೇ ಹೊಡೆಯುತ್ತಾನೆಂಬುದು ಅದರ ಹಿಂದಿದ್ದ ನಂಬಿಕೆ. ರಾಬರ್ಟ್ಸ್, ಲೇಡ್‌ಲಾ, ಓಕೆಲ್ ಮೂವರೂ ನಡೆದುಹೋದ ದಾಳಿಗಳನ್ನು ನೆಲದ ಮೇಲೆ ಮತ್ತೆ ಆಡಿ ನೋಡಿದರು. ತಂಡದ ಒಳಸಾಲುಗಳಲ್ಲಿದ್ದ ಹಡಗುಗಳಿಗೆ ಪೆಟ್ಟು ಬಿದ್ದ ಬಗೆ, ಟಾರ್ಪೆಡೊ ಓಡಬಲ್ಲ ದೂರ ಎರಡನ್ನೂ ಹೊಂದಿಸಿದಾಗ ಲೆಕ್ಕ ಕೂಡಲಿಲ್ಲ. ಕೂಡುವ ಉತ್ತರ ಒಂದೇ ಇತ್ತು: ಶತ್ರು ಇರುಳಿನಲ್ಲಿ ನೀರಿನ ಮೇಲೆಯೇ ಹಿಂದಿನಿಂದ ಬಂದು, ಹಡಗುಗಳ ಸಾಲುಗಳ ನಡುವೆಯೇ ನುಸುಳಿ, ಹತ್ತಿರದಿಂದ ಹೊಡೆದು, ಆಮೇಲೆ ಮುಳುಗಿ, ತಂಡ ತನ್ನ ತಲೆಯ ಮೇಲೆ ಸಾಗಿಹೋಗುವವರೆಗೆ ಸುಮ್ಮನಿರುತ್ತಾನೆ. ಹುಲಿ ಕೊಟ್ಟಿಗೆಯ ಒಳಗೇ ಇತ್ತು. ಕಾವಲಿನವರು ಬೇಲಿಯಾಚೆ ದೊಂದಿ ಹಿಡಿದು ಹುಡುಕುತ್ತಿದ್ದರು. ಹಾಗಾಗಿ ಬೆಂಗಾವಲಿನವರು ಹೊರಗೆ ಓಡದೆ, ತಂಡದ ಹಿಂಬದಿಗೆ ಬಂದು ಅಲ್ಲಿ ಶೋಧಿಸಬೇಕೆಂಬ ಹೊಸ ತಂತ್ರ ಹುಟ್ಟಿತು. ಹಿಟ್ಲರನನ್ನು ಅಣಕಿಸುವಂತೆ ಅದಕ್ಕೆ 'ರಾಸ್ಪ್‌ಬೆರಿ' ಎಂದು ಹೆಸರಿಟ್ಟವರು ಲೇಡ್‌ಲಾ. ಮೊದಮೊದಲು ತಣ್ಣಗಿದ್ದ ಆಗಿನ ಮಹಾದಂಡನಾಯಕ ಸರ್ ಪರ್ಸಿ ನೋಬಲ್, ಆಟವನ್ನು ಕಣ್ಣಾರೆ ಕಂಡ ಮೇಲೆ ಒಪ್ಪಿಕೊಂಡರು.

ಅದೇ ವರ್ಷದ ನವೆಂಬರಿನಲ್ಲಿ ನೋಬಲ್ ಅವರ ಸ್ಥಾನಕ್ಕೆ ಅಡ್ಮಿರಲ್ ಸರ್ ಮ್ಯಾಕ್ಸ್ ಹಾರ್ಟನ್ ಬಂದರು. ನಮ್ಮ ಕಥೆಯ ಕಠಿಣ ಎದುರಾಳಿ ಇವರೇ. ಅರವತ್ತರ ಹೊಸ್ತಿಲಲ್ಲಿದ್ದ ಈ ಮನುಷ್ಯನಿಗೆ ಮೃದುಮಾತು ತಿಳಿಯದೆಂದು ಪ್ರತೀತಿ. ಅದಕ್ಕಿಂತ ಮುಖ್ಯವಾಗಿ ಅವರು ಸ್ವತಃ ಜಲಾಂತರ್ಗಾಮಿಯ ನಾಯಕರಾಗಿದ್ದವರು. 1914ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಹೇಲಾ ಎಂಬ ಯುದ್ಧನೌಕೆಯನ್ನು ಟಾರ್ಪೆಡೊದಿಂದ ಮುಳುಗಿಸಿ, ಆ ಮಹಾಯುದ್ಧದಲ್ಲಿ ಬ್ರಿಟಿಷ್ ಜಲಾಂತರ್ಗಾಮಿಗಳಿಗೆ ಮೊದಲ ಜಯ ತಂದವರು. ಲಿವರ್‌ಪೂಲಿಗೆ ಬರುವ ಮುನ್ನ ಇಡೀ ಬ್ರಿಟಿಷ್ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥರು. ನೀರಿನಡಿಯ ಬೇಟೆಯನ್ನು ಬಲ್ಲವರು ತಾವೊಬ್ಬರೇ ಎಂದು ಅವರು ಭಾವಿಸಿದ್ದರೆ ಅದಕ್ಕೆ ಆಧಾರವಿತ್ತು. ಸೀಮೆಸುಣ್ಣ ಹಿಡಿದ ಹುಡುಗಿಯರ ಆಟಕ್ಕೆ ತಮ್ಮ ಹಡಗುಗಳನ್ನು ಒಪ್ಪಿಸುವ ಮುನ್ನ ಅದನ್ನು ತಾವೇ ಪರೀಕ್ಷಿಸಬೇಕೆಂದು ಅವರು ಬಯಸಿದರು. ಜಲಾಂತರ್ಗಾಮಿಯ ಪಾತ್ರ ತಮ್ಮದು. ಬೆಂಗಾವಲು ಪಡೆಯ ಪಾತ್ರದಲ್ಲಿ, ಪರದೆಯ ಹಿಂದೆ, ಜಾನೆಟ್ ಓಕೆಲ್.

ಮುಂದೆ ನಡೆದದ್ದು ರಾಬರ್ಟ್ಸ್ ಅವರ ನೆನಪುಗಳ ಮೂಲಕವೇ ಮುಖ್ಯವಾಗಿ ನಮಗೆ ತಲುಪಿದೆ. ಹಾರ್ಟನ್ ದಾಳಿ ಮಾಡಿದರು, ಮುಳುಗಿದರು. ಮತ್ತೆ ಬೇರೊಂದು ದಿಕ್ಕಿನಿಂದ ಬಂದರು, ಮತ್ತೆ ಮುಳುಗಿದರು. ಹೀಗೆ ಐದು ಬಾರಿ. ಐದು ಬಾರಿಯೂ ಓಕೆಲ್ ಅವರನ್ನು ಹುಡುಕಿ ಮುಗಿಸಿದರು. ಅಡ್ಮಿರಲ್ಲರಿಗೆ ಸಿಟ್ಟು ಬಂತು. ತಮ್ಮ ಹಾದಿ ಎದುರಾಳಿಗೆ ಕಾಣುತ್ತಿತ್ತು, ಆಟದಲ್ಲೇ ಏನೋ ಮೋಸವಿದೆ ಎಂದು ಆಕ್ಷೇಪಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ನಮ್ಮ ಗಾದೆಗೆ ಅಲ್ಲಿ ನೆಲವೂ ಸಿದ್ಧವಾಗಿಯೇ ಇತ್ತು! ರಾಬರ್ಟ್ಸ್ ಪರದೆಯ ಹಿಂದಿದ್ದ ಎದುರಾಳಿಯನ್ನು ಕರೆದರು. ಹೊರಗೆ ಬಂದದ್ದು ಒಬ್ಬ ತರುಣಿ. ಅಷ್ಟು ಹೊತ್ತೂ ತನ್ನನ್ನು ಬೇಟೆಯಾಡಿದವರು ಯಾರೆಂದು ಹಾರ್ಟನ್ನರಿಗೆ ತಿಳಿದದ್ದು ಆಗಲೇ.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿ ನಗುತ್ತಾರೆ. ಗರ್ವಭಂಗದ ಕಥೆಯೆಂದರೆ ಎಲ್ಲರಿಗೂ ಪ್ರೀತಿ. ಆದರೆ ನನ್ನ ಮನಸ್ಸು ನಿಲ್ಲುವುದು ಬೇರೆಡೆಯಲ್ಲಿ, ಎರಡನೆಯ ಮತ್ತು ಐದನೆಯ ಆಟಗಳ ನಡುವೆ. ಮೊದಲ ಸೋಲಿನ ನಂತರ ಆ ಮನುಷ್ಯ ಎದ್ದು ಹೋಗಬಹುದಿತ್ತು. ಅವರನ್ನು ಕೇಳುವವರಾರು? ಒಂದು ಸಹಿಯಿಂದ ಆ ಕೋಣೆಯನ್ನು ಮುಚ್ಚಿಸುವ ಅಧಿಕಾರ ಅವರಿಗಿತ್ತು. ಅವರು ಗೊಣಗಿದರು, ಅನುಮಾನಿಸಿದರು, ಆದರೂ ಮತ್ತೆ ಆಡಲು ಕುಳಿತರು. ಅನುಮಾನವೇನೂ ಪಾಪವಲ್ಲ. ಅನುಮಾನಿಸಿದವನು ಮತ್ತೊಮ್ಮೆ ಪರೀಕ್ಷೆಗೆ ಒಡ್ಡಿಕೊಳ್ಳುತ್ತಾನೋ ಇಲ್ಲವೋ ಎಂಬುದರಲ್ಲಿ ಅವನ ಪ್ರಾಮಾಣಿಕತೆ ತಿಳಿಯುತ್ತದೆ. ಐದನೆಯ ಸೋಲಿನ ಮೇಲೆ ಹಾರ್ಟನ್ ಆ ಶಾಲೆಯ ಬೆಂಬಲಕ್ಕೆ ನಿಂತರು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು ಐದು ಸಾವಿರ ಅಧಿಕಾರಿಗಳು ಆ ನೆಲದ ಸುತ್ತ ನಿಂತು ಪಾಠ ಕಲಿತಿದ್ದರು.

ಇನ್ನು ಪರದೆಯ ಹಿಂದಿದ್ದವರ ವಿಷಯ. ಓಕೆಲ್ ಅವರಿಗೂ ಒಂದು ಆಯ್ಕೆಯಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಎದುರಿಗಿರುವವರು ತಮ್ಮ ಸೇನೆಯ ಮಹಾದಂಡನಾಯಕರು. ತಾನೋ ಶ್ರೇಣಿಯ ಏಣಿಯ ಕೆಳಮೆಟ್ಟಿಲಿನ ಹುಡುಗಿ. ಮೂರನೆಯ ಆಟದಲ್ಲಿ ಒಂದು ತಪ್ಪು ತಿರುವು ತೆಗೆದುಕೊಂಡು, ಹಿರಿಯರ ಮುಖವನ್ನು ಉಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೋಣೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು. ಕೇರಂ ಹಲಗೆಯ ಮುಂದಿನ ಗುಮಾಸ್ತನ ವಿನಯ ಅದು. ಅಂಥ ವಿನಯ ಇಲ್ಲಿ ಸುಳ್ಳುಸಾಕ್ಷ್ಯವಾಗುತ್ತಿತ್ತು. ಹಿಂದಿನಿಂದ ಬರುವ ಜಲಾಂತರ್ಗಾಮಿ ತಪ್ಪಿಸಿಕೊಳ್ಳಬಲ್ಲದು, ಆದ್ದರಿಂದ ಈ ತಂತ್ರವನ್ನು ನಂಬಬೇಡಿ ಎಂದು ಆಕೆ ತನ್ನ ಸೋಲಿನ ಮೂಲಕ ಹೇಳಿದಂತಾಗುತ್ತಿತ್ತು. ಅದರ ಬೆಲೆ ತೆರುವವರು ಆ ಕೋಣೆಯಲ್ಲಿ ಇರಲಿಲ್ಲ. ಅವರು ಆ ಹೊತ್ತಿಗೆ ಸಾಗರದ ನಡುವೆ ಎಣ್ಣೆ ತುಂಬಿದ ಹಡಗಿನಲ್ಲಿದ್ದರು. ಹಿರಿಯರಿಗೆ ನಾವು ಸಲ್ಲಿಸಬೇಕಾದ ಗೌರವದಲ್ಲಿ, ಅವರನ್ನು ಪೂರ್ಣಶಕ್ತಿಯಿಂದ ಎದುರಿಸುವುದೂ ಸೇರಿದೆಯೆಂದು ನಮ್ಮ ಮನೆಗಳಲ್ಲಿ, ಸಂಸ್ಥೆಗಳಲ್ಲಿ ಎಷ್ಟು ಮಂದಿ ಕಲಿಸುತ್ತಾರೆ? ಮಾತಿಗೆ ಎದುರು ಮಾತಾಡಬಾರದೆಂಬುದನ್ನಂತೂ ಎಲ್ಲರೂ ಕಲಿಸುತ್ತಾರೆ.

ಅದೇ ವರ್ಷ, ಲಿವರ್‌ಪೂಲಿನ ಈ ಆಟಕ್ಕೆ ಕೆಲವು ತಿಂಗಳ ಮುಂಚೆ, ಭೂಮಿಯ ಇನ್ನೊಂದು ಬದಿಯಲ್ಲಿ ಮತ್ತೊಂದು ಸಮರಕ್ರೀಡೆ ನಡೆದಿತ್ತು. ಮೇ ತಿಂಗಳ ಮೊದಲ ದಿನಗಳು. ಜಪಾನಿನ ಹಶಿರಾಜಿಮಾ ಲಂಗರುದಾಣದಲ್ಲಿ ನಿಂತಿದ್ದ ಯಮಾಟೊ ಎಂಬ ಭಾರೀ ಯುದ್ಧನೌಕೆಯ ಮೇಲೆ ಮಿಡ್‌ವೇ ದ್ವೀಪದ ಮೇಲಿನ ದಾಳಿಯನ್ನು ಅಧಿಕಾರಿಗಳು ಮೇಜಿನ ಮೇಲೆ ಆಡಿ ನೋಡುತ್ತಿದ್ದರು. ಅಮೆರಿಕದ ವಿಮಾನಗಳು ದ್ವೀಪದಿಂದ ಹಾರಿ ಬಂದು ಜಪಾನಿನ ವಿಮಾನವಾಹಕ ನೌಕೆಗಳ ಮೇಲೆ ಬಾಂಬು ಹಾಕುವ ಸನ್ನಿವೇಶ ಬಂತು. ತೀರ್ಪುಗಾರರಲ್ಲೊಬ್ಬರಾದ ಮಸಾಟಕೆ ಒಕುಮಿಯ ದಾಳ ಉರುಳಿಸಿದರು. ಒಂಬತ್ತು ಬಾಂಬುಗಳು ತಗುಲಿದವು; ಅಕಾಗಿ ಮತ್ತು ಕಾಗಾ ಎಂಬ ಎರಡು ನೌಕೆಗಳು ಮುಳುಗಿದವೆಂದು ಅವರು ಘೋಷಿಸಿದರು. ಆಟದ ಮುಖ್ಯ ತೀರ್ಪುಗಾರರು ಸಂಯುಕ್ತ ನೌಕಾಪಡೆಯ ಸಿಬ್ಬಂದಿ ಮುಖ್ಯಸ್ಥ ಅಡ್ಮಿರಲ್ ಉಗಾಕಿ. ಒಂಬತ್ತು ಅತಿಯಾಯಿತು, ಮೂರು ಸಾಕು ಎಂದರು ಅವರು. ಅಕಾಗಿಗೆ ಅಲ್ಪಸ್ವಲ್ಪ ಹಾನಿ, ಮುಳುಗಿದ್ದು ಕಾಗಾ ಒಂದೇ ಎಂದಾಯಿತು. ಅಷ್ಟರಲ್ಲೂ ಮುಗಿಯಲಿಲ್ಲ. ಆಟದ ಮುಂದಿನ ಹಂತದಲ್ಲಿ, ದಕ್ಷಿಣದ ದ್ವೀಪಗಳ ಮೇಲಿನ ದಾಳಿಗೆ, ಮುಳುಗಿದ ಆ ಕಾಗಾ ಕೂಡ ಮೇಲೆದ್ದು ಬಂದು ಪಾಲ್ಗೊಂಡಿತು!

ಒಂದು ತಿಂಗಳ ನಂತರ, ಜೂನ್ 4ರಂದು, ನಿಜವಾದ ಮಿಡ್‌ವೇ ಕದನದಲ್ಲಿ ಅಕಾಗಿ, ಕಾಗಾ ಮಾತ್ರವಲ್ಲದೆ ಸೊರ್‍ಯು, ಹಿರ್‍ಯು ಎಂಬ ಇನ್ನೆರಡು ನೌಕೆಗಳೂ ಮಾರಕ ಪೆಟ್ಟು ತಿಂದು, ಮರುದಿನದೊಳಗೆ ನಾಲ್ಕೂ ಸಮುದ್ರದ ಪಾಲಾದವು. ಮೂರು ಸಾವಿರಕ್ಕೂ ಹೆಚ್ಚು ಜಪಾನೀಯರು ಸತ್ತರು. ಅವರಾರೂ ಮುಂದಿನ ಹಂತಕ್ಕೆ ಎದ್ದು ಬರಲಿಲ್ಲ.

ಇಷ್ಟು ಹೇಳಿ, ಉಗಾಕಿ ದುರಹಂಕಾರಿ, ಹಾರ್ಟನ್ ಸಜ್ಜನ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಸತ್ಯ ಅಷ್ಟು ನೇರವಾಗಿಲ್ಲ. ಯಮಾಟೊ ಮೇಲಿನ ಘಟನೆ ಲೋಕಕ್ಕೆ ತಿಳಿದದ್ದು 1951ರಲ್ಲಿ ಒಕುಮಿಯ ಮತ್ತು ಮಿತ್ಸುಓ ಫುಚಿಡಾ ಸೇರಿ ಬರೆದ ಪುಸ್ತಕದಿಂದ. ಪರ್ಲ್ ಹಾರ್ಬರಿನ ಮೇಲಿನ ವಿಮಾನದಾಳಿಯ ಮುಂದಾಳಾಗಿದ್ದ ಈ ಫುಚಿಡಾ ಯುದ್ಧಾನಂತರ, ಜಪಾನಿನಲ್ಲಿ ಸೆರೆಯಾಗಿದ್ದ ಅಮೆರಿಕನ್ ಸೈನಿಕನೊಬ್ಬನ ಸಾಕ್ಷ್ಯವನ್ನು ಓದಿ ಕ್ರೈಸ್ತನಾಗಿ, ಸುವಾರ್ತಾ ಪ್ರಸಾರಕನಾದುದನ್ನು ನಮ್ಮ ಓದುಗರಲ್ಲಿ ಕೆಲವರು ಬಲ್ಲಿರಿ. ಆದರೂ ಮಿಡ್‌ವೇ ಕದನದ ಬಗ್ಗೆ ಅವರು ಬರೆದುದರಲ್ಲಿ ಕೆಲವು ಮುಖ್ಯ ಸಂಗತಿಗಳು ದಾಖಲೆಗಳಿಗೆ ಹೊಂದುವುದಿಲ್ಲವೆಂದು ಪಾರ್ಷಲ್ ಮತ್ತು ಟುಲ್ಲಿ ಎಂಬ ಇತಿಹಾಸಕಾರರು 2005ರಲ್ಲಿ ತೋರಿಸಿದರು. ಭಕ್ತರ ನೆನಪೂ ಪರಿಶೀಲನೆಗೆ ಹೊರತಲ್ಲ. ದಾಳದ ಪ್ರಸಂಗದಲ್ಲಿ ಮಾತ್ರ, ದಾಳ ಉರುಳಿಸಿದವರೇ ಆ ಪುಸ್ತಕದ ಒಬ್ಬ ಲೇಖಕರು ಎಂಬ ಬಲವಿದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸಂಖ್ಯೆಯ ವಿಷಯದಲ್ಲಿ ಉಗಾಕಿಯವರ ಊಹೆಯೇ ಸರಿಗೆ ಹತ್ತಿರವಿತ್ತು! ನಿಜವಾದ ಕದನದಲ್ಲಿ ದ್ವೀಪದಿಂದ ಹಾರಿಬಂದ ಅಮೆರಿಕದ ವಿಮಾನಗಳಲ್ಲಿ ಒಂದರ ಬಾಂಬೂ ಜಪಾನಿನ ವಿಮಾನವಾಹಕಗಳಿಗೆ ತಗುಲಲಿಲ್ಲ. ಒಂಬತ್ತೂ ಅಲ್ಲ, ಮೂರೂ ಅಲ್ಲ, ಸೊನ್ನೆ. ನಾಲ್ಕು ನೌಕೆಗಳನ್ನೂ ಮುಳುಗಿಸಿದ್ದು ಅಮೆರಿಕದ ವಿಮಾನವಾಹಕ ನೌಕೆಗಳಿಂದ ಬಂದ ಬಾಂಬರುಗಳು. ಹಾಗಾದರೆ ಉಗಾಕಿ ಮಾಡಿದ್ದು ತಪ್ಪೇ? ಅನುಭವಿ ತೀರ್ಪುಗಾರ ಅಸಂಭವವೆನಿಸಿದ ದಾಳವನ್ನು ತಿದ್ದುವುದಕ್ಕೆ ಆಟದ ನಿಯಮವೇ ಅವಕಾಶ ಕೊಡುತ್ತದೆ. ಸಂಖ್ಯೆಯನ್ನು ತಿದ್ದಿದ್ದಕ್ಕಾಗಿ ಅವರನ್ನು ದೂರಲಾರೆ. ದಾಳದ ಹಿಂದೆ ಒಂದು ಪ್ರಶ್ನೆಯಿತ್ತು: ನಮ್ಮ ನೌಕೆಗಳು ದ್ವೀಪದ ಮೇಲೆ ಕಣ್ಣು ನೆಟ್ಟಿರುವಾಗ ಶತ್ರುವಿನ ವಿಮಾನಗಳು ಮೇಲೆ ಬಂದರೆ ನಮ್ಮ ಗತಿಯೇನು? ಅದೇ ಕ್ರೀಡೆಯ ವೇಳೆ, ಶತ್ರು ಪಕ್ಕದಿಂದ ಎರಗಿದರೆ ಏನು ಮಾಡುವಿರೆಂಬ ಪ್ರಶ್ನೆಯನ್ನು ಉಗಾಕಿಯವರೇ ಎತ್ತಿದ್ದರೆಂದೂ, ಬಂದ ಉತ್ತರ ಅಸ್ಪಷ್ಟವಾಗಿತ್ತೆಂದೂ ಅದೇ ಪುಸ್ತಕ ಹೇಳುತ್ತದೆ. ಸಂಖ್ಯೆ ಬದಲಾದೊಡನೆ ಪ್ರಶ್ನೆಯೂ ಮೇಜಿನಿಂದ ಇಳಿದುಹೋಯಿತು. ದಾಳವನ್ನು ಇನ್ನೊಮ್ಮೆ ಉರುಳಿಸಿ ನೋಡೋಣ, ಈ ಬಾರಿ ಬೇರೆ ದಿಕ್ಕಿನಿಂದ ಬರಲಿ ಎಂದು ಯಾರಾದರೂ ಹೇಳಿದ್ದರೆ ಅದೇ ಕೋಣೆ ಲಿವರ್‌ಪೂಲಿನ ಕೋಣೆಯಾಗುತ್ತಿತ್ತು. ಹಾರ್ಟನ್ನರೂ ಫಲಿತಾಂಶವನ್ನು ನಂಬಲಿಲ್ಲ, ಉಗಾಕಿಯವರೂ ನಂಬಲಿಲ್ಲ. ನಂಬದ ಒಬ್ಬರು ಮತ್ತೆ ಆಡಿದರು. ನಂಬದ ಇನ್ನೊಬ್ಬರಿಗೆ ಮತ್ತೆ ಆಡುವ ಅಗತ್ಯ ಕಾಣಲಿಲ್ಲ. ಅನೇಕ ಸಂದರ್ಭಗಳಲ್ಲಿ ನಮ್ಮ ತಿದ್ದುಪಡಿ ಸರಿಯಾಗಿದ್ದೂ ನಾವು ತಪ್ಪಿತಸ್ಥರಾಗಿರುವುದು ಸಾಧ್ಯವೆಂದು ಈ ಪ್ರಸಂಗ ನನಗೆ ತೋರಿಸುತ್ತದೆ.

ಎದುರಾಳಿಯನ್ನು ಬೇಕೆಂದೇ ನೇಮಿಸಿಕೊಳ್ಳುವ ಜಾಣತನ ಧರ್ಮಸಭೆಗೂ ಹೊಸದಲ್ಲ. ಸಂತಪದವಿಗೆ ಹೆಸರು ಬಂದ ವ್ಯಕ್ತಿಯ ವಿರುದ್ಧ ವಾದಿಸುವ, ಪವಾಡಗಳನ್ನು ಅನುಮಾನಿಸುವ ಅಧಿಕಾರಿಯ ಹುದ್ದೆಯನ್ನು 1587ರಲ್ಲಿ ಪೋಪ್ ಐದನೆಯ ಸಿಕ್ಸ್‌ಟಸ್ ಅಧಿಕೃತಗೊಳಿಸಿದರು. ಜನ ಅವನನ್ನು 'ಸೈತಾನನ ವಕೀಲ'ನೆಂದು ಕರೆದರು. ಪಾಪ, ಅವನೂ ಒಬ್ಬ ಗುರುವೇ! 1983ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಆ ಪ್ರಕ್ರಿಯೆಯನ್ನು ಬದಲಿಸಿ, ಆ ಹುದ್ದೆಯ ಹಳೆಯ ಎದುರುವಾದದ ಪಾತ್ರವನ್ನು ಬಹುಮಟ್ಟಿಗೆ ಕೈಬಿಟ್ಟರು. ಆ ಬದಲಾವಣೆಯ ಗುಣದೋಷಗಳನ್ನು ಬಲ್ಲವರು ಚರ್ಚಿಸಲಿ. ಪವಿತ್ರವೆಂದು ಎಲ್ಲರೂ ಒಪ್ಪಿರುವ ಸಂಗತಿಯ ಎದುರಿಗೂ ಸಂಬಳ ಕೊಟ್ಟು ಒಬ್ಬ ವಿರೋಧಿಯನ್ನು ಕೂರಿಸಬೇಕೆಂದು ನಾಲ್ಕು ಶತಮಾನಗಳ ಹಿಂದೆಯೇ ಯಾರಿಗೋ ತೋಚಿತಲ್ಲ ಎಂಬುದಷ್ಟೇ ನನ್ನ ಸೋಜಿಗ.

ಇಲ್ಲಿಗೆ ನಿಲ್ಲಿಸಿದರೆ ಓದುಗರಿಗೆ ಹಿತವಾದೀತು. ಆದರೆ ಲಿವರ್‌ಪೂಲಿನ ನೆಲದ ಮೇಲಿನ ಆಟ ಹಿತವಾದ ಆಟವಲ್ಲ. ಆ ಸೀಮೆಸುಣ್ಣದ ಗೆರೆಗಳು ಕಲಿಸುತ್ತಿದ್ದುದು ಕೊಲ್ಲುವುದನ್ನು. 1913ರಲ್ಲಿ ಆಟಿಕೆಯ ಸೈನಿಕರ ಕದನಕ್ಕೆ ನಿಯಮಗಳನ್ನು ಬರೆದು ಪುಸ್ತಕ ಮಾಡಿದ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್, ಮೇಜಿನ ಮೇಲಿನ ಈ ಪುಟ್ಟ ಯುದ್ಧ ನಿಜವಾದ ಯುದ್ಧದ ಮೂರ್ಖತನವನ್ನು ಮನುಷ್ಯರಿಗೆ ತಿಳಿಸಿಕೊಟ್ಟೀತೆಂದು ಆಶಿಸಿದ್ದರು. ಮರುವರ್ಷವೇ ಮಹಾಯುದ್ಧ ಆರಂಭವಾಯಿತು. ಆಟ ಯುದ್ಧವನ್ನು ತಡೆಯಲಿಲ್ಲ; ಚೆನ್ನಾಗಿ ಮಾಡುವುದನ್ನು ಕಲಿಸಿತು.

ಓಕೆಲ್ ಅವರ ಪ್ರಾಮಾಣಿಕತೆಯಿಂದ ಬದುಕಿದವರು ಯಾರು? ಅಟ್ಲಾಂಟಿಕ್ ದಾಟುತ್ತಿದ್ದ ವ್ಯಾಪಾರಿ ನಾವಿಕರು. ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಿದ್ದವರಲ್ಲಿ ಸಾವಿರ ಸಾವಿರ ಮಂದಿ ನಮ್ಮವರೇ. ಬೆಂಕಿಯೂಡುವ ಎಂಜಿನ್ ಕೋಣೆಗಳಲ್ಲಿ ಸಿಲ್ಹೆಟ್ ಮತ್ತು ಪಂಜಾಬಿನ ಮುಸಲ್ಮಾನರು, ಅಡುಗೆಮನೆ ಮತ್ತು ಊಟದ ಕೋಣೆಗಳಲ್ಲಿ ಗೋವೆಯ ಕ್ರೈಸ್ತರು. 'ಲಾಸ್ಕರ್' ಎಂಬ ಒಂದೇ ಹೆಸರಿನಡಿ ಸೇರಿಹೋದ ಈ ಜನರಲ್ಲಿ ಸಾವಿರಾರು ಮಂದಿ ಆ ಯುದ್ಧದಲ್ಲಿ ಸತ್ತರು. ಸಾಯದೆ ಮನೆಗೆ ಮರಳಿದವರೂ ಇದ್ದರು. ಅವರನ್ನು ಉಳಿಸಿದ್ದು ಈ ಆಟವೊಂದೇ ಎನ್ನುವುದು ಅತಿಶಯೋಕ್ತಿ. ರೇಡಾರ್, ದೂರಗಾಮಿ ವಿಮಾನಗಳು, ಶತ್ರುವಿನ ಗುಪ್ತಲಿಪಿಯನ್ನು ಬಿಡಿಸಿದವರು, ಹೆಚ್ಚಿದ ಬೆಂಗಾವಲು ಹಡಗುಗಳು ಎಲ್ಲವೂ ಕೂಡಿದವು. ಆ ಸಾಲಿನಲ್ಲಿ ಈ ಕೋಣೆಗೂ ಒಂದು ಸ್ಥಾನವಿದೆ.

ಸತ್ತವರು ಯಾರು? 1943ರ ಮೇ ತಿಂಗಳೊಂದರಲ್ಲೇ ಜರ್ಮನಿ ನಲವತ್ತಕ್ಕೂ ಹೆಚ್ಚು ಜಲಾಂತರ್ಗಾಮಿಗಳನ್ನು ಕಳೆದುಕೊಂಡಿತು. ಅವುಗಳಲ್ಲೊಂದಾದ ಯು-954 ಮೇ 19ರಂದು ಉತ್ತರ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಒಬ್ಬನೂ ಉಳಿಯಲಿಲ್ಲ. ಅದರೊಳಗೆ ಪೀಟರ್ ಡ್ಯೋನಿಟ್ಸ್ ಎಂಬ ಇಪ್ಪತ್ತೊಂದು ವರ್ಷದ ಅಧಿಕಾರಿಯಿದ್ದ. ಜರ್ಮನಿಯ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಕಾರ್ಲ್ ಡ್ಯೋನಿಟ್ಸ್ ಅವರ ಮಗ. ಐದು ದಿನಗಳ ನಂತರ ತಂದೆ ತನ್ನ ತೋಳಗಳ ಹಿಂಡನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆದರು. ಜರ್ಮನಿಯ ಜಲಾಂತರ್ಗಾಮಿಗಳಲ್ಲಿ ಸೇವೆ ಸಲ್ಲಿಸಿದ ಸುಮಾರು ನಲವತ್ತು ಸಾವಿರ ಮಂದಿಯಲ್ಲಿ, ನಾಲ್ವರಿಗೆ ಮೂವರಂತೆ ಸತ್ತರು. ಪೀಟರನಿಗೂ ಓಕೆಲ್‌ಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ನಾಜಿ ಆಳ್ವಿಕೆ ಗೆಲ್ಲಬಾರದಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹಾಗೆಂದು ಹಸಿರು ಸೀಮೆಸುಣ್ಣದ ಗೆರೆ ಒರೆಸಿಹೋಗುವಾಗ ಅದರೊಳಗೆ ನಲವತ್ತೈವತ್ತು ಮಂದಿ ಇದ್ದರೆಂಬುದನ್ನು ಮರೆತು ಬರೆಯಲಾರೆ.

ಎದುರಾಳಿಯನ್ನು ಸರಿಯಾಗಿ ಆಡಬೇಕಾದರೆ ಅವನ ಜಾಗದಲ್ಲಿ ಕುಳಿತು, ಅವನ ಕಣ್ಣಿನಿಂದ ಕಡಲನ್ನು ನೋಡಬೇಕು. ತಿಂಗಳುಗಟ್ಟಲೆ ಹಾಗೆ ನೋಡಿದವರು ಅವನನ್ನು ದ್ವೇಷಿಸಬಲ್ಲರೇ, ಇಲ್ಲ ದ್ವೇಷಿಸದೆಯೇ ಕೊಲ್ಲಬಲ್ಲವರಾಗುತ್ತಾರೆಯೇ? ಎರಡನೆಯದು ಮೊದಲನೆಯದಕ್ಕಿಂತ ಮೇಲೆಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ.

1945ರ ಮೇ ತಿಂಗಳಿನಲ್ಲಿ, ಜರ್ಮನಿ ಶರಣಾದ ಮೇಲೆ, ರಾಬರ್ಟ್ಸ್ ಫ್ಲೆನ್ಸ್‌ಬುರ್ಗಿಗೆ ಹೋದರು. ಅಷ್ಟು ವರ್ಷ ತಾವು ನೆಲದ ಮೇಲೆ ಆಡಿ ಊಹಿಸಿದ ಎದುರಾಳಿಗಳನ್ನು ಮೊದಲ ಬಾರಿಗೆ ಮುಖಾಮುಖಿಯಾಗಿ ಪ್ರಶ್ನಿಸುವ ಕೆಲಸ ಅವರದಾಗಿತ್ತು. ಅಲ್ಲಿನ ಜಲಾಂತರ್ಗಾಮಿ ಪಡೆಯ ಕಚೇರಿಯ ಗೋಡೆಯ ಮೇಲೆ ಒಂದು ಭಾವಚಿತ್ರ ತೂಗುತ್ತಿತ್ತು. ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಚಿತ್ರವನ್ನು ದೊಡ್ಡದು ಮಾಡಿಸಿ ಅಲ್ಲಿ ಹಾಕಿದ್ದರು. ಇವನೇ ನಿಮ್ಮ ವೈರಿ ಎಂಬ ಅರ್ಥದ ಮಾತು ಅದರಡಿ ಬರೆದಿತ್ತು. ಚಿತ್ರ ರಾಬರ್ಟ್ಸ್ ಅವರದೇ ಆಗಿತ್ತು.